ಕರುಳಿಗೊಂದು ಫ್ರೆಂಚ್ ಹೆಸರು

'ಇಂದೂಕೆರೆ' ಅಂದ್ರೆ ತರೀಕೆರೆ ಪಕ್ಕದ ಹಳ್ಳಿ ಅಂದ್ಕೋಬೇಡಿ. ಅದು ಲ್ಯಾಟಿನ್ ಪದ, 'ಒಳಗೆ ಸೇರಿಸು' ಅಂತ ಅರ್ಥ. 'ಆಂದೂಯ್' ಅನ್ನೋ ಫ್ರೆಂಚ್ ಸಾಸೇಜಿನ ಹೆಸರು ಹುಟ್ಟಿದ್ದು ಅದರಿಂದಲೇ. ಹಂದಿಯ ಕರುಳನ್ನು ತೊಳೆದು, ಹೆಚ್ಚಿ, ಮಸಾಲೆ ಬೆರೆಸಿ, ಇನ್ನೊಂದು ದಪ್ಪ ಕರುಳಿಗೆ ತುಂಬಿ ಹೊಗೆ ಹಿಡಿಸ್ತಾರೆ. ತುಂಬಿದ್ದಕ್ಕೇ ಆ ಹೆಸರು. ನಮ್ಮ ಹೋಳಿಗೆಯ ಹೂರಣವೂ ಹಾಗೇ: ಸಂಸ್ಕೃತದ 'ಪೂರಣ', ಅಂದ್ರೆ ತುಂಬುವುದು. ಪಾಲು ಹಾಲಾದಂತೆ ಪೂರಣ ಹೂರಣವಾಯ್ತು.

ಕಡೂರಿನಲ್ಲಿ ಅಮ್ಮ ಮಾಡೋ ಬೋಟಿ ಗೊಜ್ಜೂ ಕರುಳಿನದೇ, ಕುರಿಯದ್ದು. ಅಜ್ಜಂಪುರದ ಅತ್ತೆ ಬಂದ ದಿನ ಪಾತ್ರೆಯ ತಳ ಕಾಣುತ್ತೆ. ಉಳಿದರೆ ಸೋಮವಾರ ಡಬ್ಬಿಗೆ ಹಾಕ್ಕೊಂಡು ಬೆಂಗಳೂರಿನ ಆಫೀಸಿಗೆ ಹೋಗ್ತೀನಿ. ಮಾಂಸ ತಿನ್ನದವರು ದೂರ ಕೂತರೆ ನನಗೇನೂ ಬೇಜಾರಿಲ್ಲ. ಆದರೆ ವೀಕೆಂಡ್‌ನಲ್ಲಿ ಸಾಸೇಜ್ ತಿನ್ನೋರೇ 'ಛೀ, ಕರುಳಾ?' ಅಂದಾಗ ನೋವಾಗುತ್ತೆ. ನಾಲ್ಕು ನೀರಲ್ಲಿ ಅದನ್ನು ತೊಳೆದ ಅಮ್ಮನ ಕೈ ನೆನಪಾಗುತ್ತೆ.

ಫ್ರೆಂಚರು ಪೆದ್ದನನ್ನು 'ಆಂದೂಯ್' ಅಂತ ಬೈತಾರೆ. ನಮ್ಮಲ್ಲಿ ಕರುಳು ಅಂದ್ರೆ ಮಮತೆ. ಹೆತ್ತ ಕರುಳು, ಕರುಳ ಕುಡಿ ಅಂತೀವಿ. ಹಾಗಾಗಿ ಡಬ್ಬಿಯಲ್ಲಿ ಏನಿದೆ ಅಂತ ಯಾರು ಕೇಳಿದರೂ ನೇರವಾಗಿ ಹೇಳ್ತೀನಿ: ಬೋಟಿ. ಬೇಕಾ, ಸ್ವಲ್ಪ ಹಾಕ್ಲಾ?