ಅದೇ ಸೊಲ್ಲು, ಬೇರೆ ಧಾಟಿ

ನಂಜನಗೂಡು, ತಿರುಮಕೂಡಲು ನರಸೀಪುರದ ಕಡೆ ಪದವನ್ನು ಹಾಡುತ್ತಾರೆ ಎನ್ನುವುದಕ್ಕಿಂತ ಹೇಳುತ್ತಾರೆ ಎನ್ನುವುದೇ ವಾಡಿಕೆ. ಮಾದಪ್ಪನ ಪದ ಹೇಳುತ್ತಾರೆ, ಮಂಟೇಸ್ವಾಮಿಯ ಕತೆ ಮಾಡುತ್ತಾರೆ; ಹರಕೆ ಹೊತ್ತ ಮನೆಯವರು ಕತೆ ಮಾಡಿಸುತ್ತಾರೆ. ಒಂದು ಸಂಗೀತ ಪದ್ಧತಿಯೇ ಈ ಮಾತಿನಲ್ಲಿ ಅಡಗಿದೆ. ಹೇಳುವವನಿಗೆ ಎದುರು ಕೂತವರ ಮುಖ ಮುಖ್ಯ. ಅವರು ತೂಕಡಿಸಿದರೆ ಅವನು ಲಯ ಏರಿಸುತ್ತಾನೆ, ಕಣ್ಣೊರೆಸಿಕೊಂಡರೆ ಅದೇ ನುಡಿಯನ್ನು ಇನ್ನೊಂದು ಸುತ್ತು ತರುತ್ತಾನೆ. ನಿನ್ನೆ ಹೇಳಿದ್ದು ಇವತ್ತು ಅಕ್ಷರ ತಪ್ಪದೆ ಬರಬೇಕೆಂದು ಯಾರೂ ಬಯಸುವುದಿಲ್ಲ. ಊರಿಗೆಲ್ಲ ಗೊತ್ತಿರುವ ಪದವನ್ನು ಕಣ್ಣೆದುರೇ ಮತ್ತೆ ಕಟ್ಟುವ ಕಲೆ ಇದು. ಅಮೆರಿಕದ ಜಾಝ್ ಸಂಗೀತಗಾರರು ಜನಪ್ರಿಯ ಹಾಡುಗಳನ್ನು ಬಿಚ್ಚಿ ಹೊಸದಾಗಿ ಹೆಣೆದು ಹೆಸರಾದದ್ದೂ ಇಂಥದೇ ಕಲೆಯಿಂದ.

ಮಾದಪ್ಪನ, ಅಂದರೆ ಮಲೆಯ ಮಾದೇಶ್ವರನ, ಪದ ಹೇಳುವವರು ದೇವರಗುಡ್ಡರು. ಮಂಟೇಸ್ವಾಮಿ, ರಾಚಪ್ಪಾಜಿ, ಸಿದ್ದಪ್ಪಾಜಿಯವರ ಕತೆ ಮಾಡುವವರು ನೀಲಗಾರರು. ಗುಡ್ಡರ ಕೈಯಲ್ಲಿ ಕಂಸಾಳೆ, ನೀಲಗಾರರ ಕೈಯಲ್ಲಿ ತಂಬೂರಿ, ಗಗ್ಗರ. ಇಬ್ಬರೂ ದೀಕ್ಷೆ ಪಡೆದವರು. ಮೈಸೂರಿನಿಂದ ಮಲೆಗೆ ಹೋಗುವ ದಾರಿ ನರಸೀಪುರ, ಕೊಳ್ಳೇಗಾಲ, ಹನೂರನ್ನು ಹಾದುಹೋಗುತ್ತದೆ. ಎಪ್ಪತ್ತೇಳು ಮಲೆಯ ಒಡೆಯನ ಪದವೂ ಇದೇ ದಾರಿಯ ಊರೂರುಗಳಲ್ಲಿ ಬೇರುಬಿಟ್ಟಿದೆ. ನಂಜನಗೂಡಿಗೆ ಅದರದೇ ಆದ ಕತೆಯೂ ಉಂಟು. ಕಪಿಲೆಯ ದಡದ ಗುಡಿಯಲ್ಲಿ ಮಂತ್ರ, ಅಭಿಷೇಕಗಳ ನಡುವೆ ಶ್ರೀಕಂಠೇಶ್ವರನಾಗಿ ಕೂತ ದೇವರು ಜನಪದರ ಬಾಯಲ್ಲಿ ಬರೀ ನಂಜುಂಡ. ಮನೆಯಲ್ಲಿ ಮಡದಿ ಇರುವಾಗಲೇ ಬೆಟ್ಟದ ಚಾಮುಂಡಿಗೆ ಮನಸೋತು ಎರಡು ಕಡೆಯ ಬೈಗುಳಕ್ಕೂ ಈಡಾಗುವ ಗಂಡಸು. ಪುರಾಣ ತಿಳಿದವರಿಗೂ ಈ ನಂಜುಂಡ ಅಷ್ಟೇ ಪ್ರಿಯ. ತಿಳಿದದ್ದನ್ನು ಬೇರೆ ಧಾಟಿಯಲ್ಲಿ ಕೇಳುವ ರುಚಿ ಇಲ್ಲಿಯವರಿಗೆ ಹೊಸದಲ್ಲ.

ಕಂಸಾಳೆ ಎಂದರೆ ಕಂಚಿನ ಜೋಡಿ ತಾಳ. ಎಡ ಅಂಗೈಯಲ್ಲಿ ಕೂರುವುದು ಬಟ್ಟಲಿನಂಥದ್ದು. ಬಲಗೈಯದು ಚಪ್ಪಟೆ ತಟ್ಟೆ; ಅದರ ನಡುವಿನಿಂದ ಹೊರಟ ಗಟ್ಟಿ ದಾರಕ್ಕೆ ಬಣ್ಣದ ಗೊಂಡೆ. ಕೂತು ಪದ ಹೇಳುವಾಗ ತಟ್ಟೆ ಬಟ್ಟಲಿನ ಅಂಚನ್ನು ಸವರಿದಂತೆ ತಾಗುತ್ತದೆ. ಅಂಚಿಗೆ ಅಂಚು ತಗುಲಿದರೆ ಸಣ್ಣ ದನಿ ಬಹಳ ಹೊತ್ತು ನಿಲ್ಲುತ್ತದೆ. ತಟ್ಟೆಯನ್ನು ಬಟ್ಟಲಿಗೆ ಒತ್ತಿ ಹಿಡಿದರೆ ನಾದ ಅಲ್ಲೇ ಸಾಯುತ್ತದೆ. ತೆರೆದ ನಾದ, ಮುಚ್ಚಿದ ನಾದ, ಇವೆರಡರಲ್ಲೇ ನಡೆಯ ಅರ್ಧ ಬೆಡಗು. ಎದ್ದು ನಿಂತರೆ ಬೀಸು ಕಂಸಾಳೆ. ದಾರ ಹಿಡಿದ ತಟ್ಟೆ ತಲೆಯ ಮೇಲೆ, ಬೆನ್ನ ಹಿಂದೆ, ಮೊಣಕಾಲ ಸಂದಿಯಲ್ಲಿ ಬೀಸಿ ಬಂದು ಸರಿಯಾದ ಪೆಟ್ಟಿಗೆ ಬಟ್ಟಲನ್ನು ಮುಟ್ಟುತ್ತದೆ. ಬೀಸು ಎಷ್ಟೇ ದೂರ ಹೋಗಿ ಬಂದರೂ ಪೆಟ್ಟು ತಪ್ಪುವಂತಿಲ್ಲ. ಜಾಝ್ ಬಲ್ಲವರು ಇದನ್ನು ನೋಡಿದರೆ ಅವರಿಗೆ ಡ್ರಮ್ ವಾದಕ ಕೆನ್ನಿ ಕ್ಲಾರ್ಕ್ ನೆನಪಾಗಬೇಕು. ಅಲ್ಲಿಯವರೆಗೆ ಕಾಲಲ್ಲಿ ತುಳಿಯುವ ದೊಡ್ಡ ಡೋಲಿನ ಮೇಲೆ ಸಾಗುತ್ತಿದ್ದ ಕಾಲಪ್ರಮಾಣವನ್ನು 1940ರ ದಶಕದ ಹೊತ್ತಿಗೆ ಮೇಲೆ ತೂಗುವ ಕಂಚಿನ ತಟ್ಟೆಗೆ ವರ್ಗಾಯಿಸಿದವರಲ್ಲಿ ಅವನೇ ಮೊದಲಿಗ. ಲಯವನ್ನು ಕಂಚು ಹೊತ್ತುಕೊಂಡ ಮೇಲೆ ಉಳಿದ ವಾದ್ಯಗಳು ಹಗುರಾದವು, ಮಾತಾಡತೊಡಗಿದವು.

ಮಾದೇಶ್ವರನ ಕಾವ್ಯ ಸಾಲುಗಳಾಗಿ ಹರಡಿದೆ. ಇಲ್ಲಿ ಸಾಲು ಎಂದರೆ ಒಂದು ಪೂರ್ತಿ ಪ್ರಸಂಗ: ಶ್ರವಣದೊರೆಯ ಸಾಲು, ಜುಂಜೇಗೌಡನ ಸಾಲು, ಶರಣೆ ಸಂಕಮ್ಮನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಸರಗೂರಯ್ಯನ ಸಾಲು. ಒಂದೊಂದೂ ಒಂದು ರಾತ್ರಿಯನ್ನು ತುಂಬಬಲ್ಲದು. ಕತೆಗಾರ ಮಾತಿನಲ್ಲಿ ಕತೆ ನಡೆಸುತ್ತ, ಭಾವ ಗಟ್ಟಿಯಾದ ಕಡೆ ಪದಕ್ಕೆ ಹೊರಳುತ್ತಾನೆ. ಹಿಮ್ಮೇಳದವರು ಸೊಲ್ಲು ಹಿಡಿಯುತ್ತಾರೆ. ಸೊಲ್ಲು ಮತ್ತೆ ಮತ್ತೆ ಬರುವ ನುಡಿ. ಎಲ್ಲರಿಗೂ ಬರುವುದು ಅದು, ಬದಲಾಗದೆ ಉಳಿಯುವುದೂ ಅದು. ಒಂದು ಸೊಲ್ಲಿನಿಂದ ಇನ್ನೊಂದು ಸೊಲ್ಲಿನವರೆಗಿನ ಜಾಗ ಮಾತ್ರ ಕತೆಗಾರನದು. ಜುಂಜೇಗೌಡನ ಸಿರಿತನ ಬಣ್ಣಿಸುವಾಗ ಕೇಳುವ ಊರಿನ ದನ, ಗದ್ದೆ, ಕಣಜಗಳೇ ಅದರೊಳಕ್ಕೆ ನುಗ್ಗಬಹುದು. ಸಂಕಮ್ಮನ ಗಂಡ ಜೇನಿಗೆ ಹೊರಡುವ ಮುನ್ನ ಆಣೆ ಕೇಳುವ ಘಟ್ಟವನ್ನು ಒಬ್ಬ ಕತೆಗಾರ ಹತ್ತು ನುಡಿಯಲ್ಲಿ ಮುಗಿಸಿದರೆ ಇನ್ನೊಬ್ಬ ಒಂದು ಗಂಟೆ ಎಳೆಯಬಹುದು. ಆ ಹೆಣ್ಣು ಭಾಷೆ ಕೊಡಲು ಒಲ್ಲೆ ಎನ್ನುವ ಹೊತ್ತಿಗೆ ಕಂಸಾಳೆ ನಿಲ್ಲುತ್ತದೆಯೋ ಜೋರಾಗುತ್ತದೆಯೋ ಎಂಬುದು ಆಯಾ ಮೇಳದ ತೀರ್ಮಾನ. ಪಿ.ಕೆ. ರಾಜಶೇಖರ, ಜೀ.ಶಂ. ಪರಮಶಿವಯ್ಯ ಮೊದಲಾದ ವಿದ್ವಾಂಸರು ಈ ಕಾವ್ಯಗಳನ್ನು ಬರೆದಿಟ್ಟುಕೊಂಡು ಅಚ್ಚಿಗೆ ತಂದದ್ದು ದೊಡ್ಡ ಉಪಕಾರ. ಆದರೂ ಪುಸ್ತಕದಲ್ಲಿ ದೊರೆಯುವುದು ಒಬ್ಬ ಕತೆಗಾರ ಒಂದು ಸಲ ಹೇಳಿದ್ದು. ಮರುವಾರ ಅವನೇ ಹೇಳಿದ್ದು ಬೇರೆಯಿರುತ್ತದೆ.

ಜಾಝ್‌ನಲ್ಲಿ ಸೊಲ್ಲಿನ ಕೆಲಸವನ್ನು ಹಾಡಿನ ಮಟ್ಟು ಮತ್ತು ಅದರಡಿಯ ಸ್ವರಮೇಳಗಳ ಸಾಲು ಮಾಡುತ್ತವೆ. ನಾಟಕಕ್ಕೋ ಸಿನಿಮಾಕ್ಕೋ ಬರೆದ, ಸಾಮಾನ್ಯವಾಗಿ ಮೂವತ್ತೆರಡು ಆವರ್ತದ ಹಾಡನ್ನು ಒಮ್ಮೆ ನುಡಿಸಿ, ಅದೇ ಅಡಿಪಾಯದ ಮೇಲೆ ಒಬ್ಬೊಬ್ಬರೂ ತಮ್ಮ ಕಲ್ಪನೆ ಬೆಳೆಸಿ, ಕೊನೆಗೆ ಮಟ್ಟಿಗೆ ಮರಳುವುದು ರೂಢಿ. 1939ರ ಅಕ್ಟೋಬರ್ 11ರಂದು ಕೋಲ್ಮನ್ ಹಾಕಿನ್ಸ್ ಧ್ವನಿಮುದ್ರಿಸಿದ 'ಬಾಡಿ ಆ್ಯಂಡ್ ಸೋಲ್' ಈ ರೂಢಿಯನ್ನೇ ಅಲುಗಿಸಿತು. ಮೂರು ನಿಮಿಷದ ತಟ್ಟೆಯಲ್ಲಿ ಮೂಲ ಮಟ್ಟು ಕೇಳುವುದು ಮೊದಲ ಕೆಲವು ಆವರ್ತಗಳಲ್ಲಷ್ಟೇ. ಆಮೇಲೆ ಸ್ಯಾಕ್ಸೊಫೋನ್ ತನ್ನದೇ ದಾರಿ ಹಿಡಿಯುತ್ತದೆ, ಮೂಲಕ್ಕೆ ಮರಳುವ ಗೋಜಿಗೂ ಹೋಗುವುದಿಲ್ಲ. ಹಾಗಿದ್ದೂ ಜನ ಅದನ್ನು ಮುಗಿಬಿದ್ದು ಕೊಂಡರು. ಹಾಡು ಅವರ ಕಿವಿಯೊಳಗೆ ಆಗಲೇ ಇತ್ತು. ಹಾಕಿನ್ಸ್ ಅದನ್ನು ನೆನಪಿಸಿದರೆ ಸಾಕಾಗಿತ್ತು.

ಮೈಸೂರು ಸೀಮೆಯ ಕಿವಿಗೆ ಇನ್ನೂ ಹತ್ತಿರವಾದದ್ದು ಜಾನ್ ಕೋಲ್ಟ್ರೇನ್ 1960ರಲ್ಲಿ ಮುದ್ರಿಸಿದ 'ಮೈ ಫೇವರಿಟ್ ಥಿಂಗ್ಸ್'. ಹಿಂದಿನ ವರ್ಷವಷ್ಟೇ ನ್ಯೂಯಾರ್ಕಿನ ರಂಗಕ್ಕೆ ಬಂದ 'ದ ಸೌಂಡ್ ಆಫ್ ಮ್ಯೂಸಿಕ್' ನಾಟಕದ ಮುದ್ದಾದ ಹಾಡು ಅದು. ಕೋಲ್ಟ್ರೇನ್ ಅದರ ಮೂರು ಮಾತ್ರೆಯ ನಡೆಯನ್ನು ಉಳಿಸಿಕೊಂಡು, ಪಿಯಾನೊ ವಾದಕ ಮೆಕಾಯ್ ಟೈನರ್ ಕೈಯಲ್ಲಿ ಎರಡೇ ಸ್ವರಮೇಳಗಳನ್ನು ತೂಗಿಸುತ್ತ ಹೋದ. ಅದರ ಮೇಲೆ ನೆಟ್ಟನೆಯ ಸೊಪ್ರಾನೊ ಸ್ಯಾಕ್ಸೊಫೋನ್ ಸುತ್ತಿ ಸುತ್ತಿ ಏರುತ್ತದೆ. ಸುಮಾರು ಹದಿನಾಲ್ಕು ನಿಮಿಷ. ಆ ಪಿಯಾನೊ ಕೇಳುತ್ತಿದ್ದರೆ ತಂಬೂರಿಯ ಶ್ರುತಿಯ ಮೇಲೆ ನೀಲಗಾರ ಕತೆ ಎಳೆದಂತಿರುತ್ತದೆ. ಹೋಲಿಕೆ ಪೂರ್ತಿ ಆಕಸ್ಮಿಕವೂ ಅಲ್ಲ. ಕೋಲ್ಟ್ರೇನ್ ಭಾರತೀಯ ಸಂಗೀತವನ್ನು ಆಸೆಪಟ್ಟು ಕೇಳಿದವನು. 1965ರಲ್ಲಿ ಹುಟ್ಟಿದ ಮಗನಿಗೆ ಸಿತಾರ್ ವಾದಕ ರವಿಶಂಕರ್ ಮೇಲಿನ ಗೌರವದಿಂದ ರವಿ ಎಂದು ಹೆಸರಿಟ್ಟ.

ಇನ್ನು ವಾದ್ಯದ ಮಾತು. ಹಳೆಯದನ್ನು ಹೊಸದಾಗಿ ಹೇಳಲು ಹೊರಟವರು ಎಷ್ಟೋ ಸಲ ವಾದ್ಯವನ್ನೇ ತಿದ್ದಿಕೊಂಡಿದ್ದಾರೆ. ಕಾವೇರಿ, ಕಪಿಲೆ ಕೂಡುವ ತಿರುಮಕೂಡಲಿನಲ್ಲಿ 1895ರಲ್ಲಿ ಹುಟ್ಟಿದ ಟಿ. ಚೌಡಯ್ಯನವರು ಬಿಡಾರಂ ಕೃಷ್ಣಪ್ಪನವರ ಶಿಷ್ಯರಾಗಿ ಬೆಳೆದದ್ದು ಮೈಕು ಇಲ್ಲದ ಕಾಲದಲ್ಲಿ. ದೊಡ್ಡ ಸಭೆಯ ಹಿಂದಿನ ಸಾಲಿಗೆ ಪಿಟೀಲು ಕೇಳುತ್ತಿರಲಿಲ್ಲ. ನಾಲ್ಕು ತಂತಿಗೆ ಇನ್ನೂ ಮೂರು ಸೇರಿಸಿ ಅವರು ಏಳು ತಂತಿಯ ಪಿಟೀಲು ಮಾಡಿಕೊಂಡರು. ಒಂದೇ ಬಿಲ್ಲು ಜೋಡಿ ತಂತಿಯ ಮೇಲೆ ಹರಿದಾಗ ನಾದ ತುಂಬಿ ಬರುತ್ತದೆ. ಒಬ್ಬರೇ ನುಡಿಸಿದರೂ ಇಬ್ಬರು ಕೂಡಿದಂತೆ. ಕೇಳಿ ಕೇಳಿ ಸವೆದ ಕೀರ್ತನೆಗೂ ಇದರಿಂದ ಹೊಸ ಮೈ ಬಂತು. ಕೀರ್ತನೆಯ ಪಲ್ಲವಿಯೂ ಒಂದು ಸೊಲ್ಲೇ. ನೆರವಲಿನಲ್ಲಿ ಒಂದೇ ಸಾಲಿನ ಅಕ್ಷರಗಳು ಬೇರೆ ಬೇರೆ ಸಂಚಾರಗಳಲ್ಲಿ ಹರಡಿಕೊಳ್ಳುತ್ತವೆ, ಕಲ್ಪನಾಸ್ವರ ಎಷ್ಟು ದೂರ ಹೋದರೂ ಸಾಲು ಶುರುವಾಗುವ ಎಡುಪಿಗೆ ಬಂದು ಸೇರಲೇಬೇಕು. ಬೀಸಿದ ಕಂಸಾಳೆ ಬಟ್ಟಲಿಗೆ ಬಂದು ಸೇರುವ ಹಾಗೆ. 1957ರಲ್ಲಿ ಸಂಗೀತ ಕಲಾನಿಧಿ ಗೌರವ ಪಡೆದ ಮೇರು ವಿದ್ವಾಂಸರಾದ ಚೌಡಯ್ಯನವರು ತಮ್ಮ ರಚನೆಗಳಿಗೆ ಆರಿಸಿಕೊಂಡ ಅಂಕಿತ 'ತ್ರಿಮಕುಟ'. ಹುಟ್ಟೂರು ಅವರ ಹಾಡಿನಲ್ಲೇ ಉಳಿಯಿತು.

ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾದ ಕರಾವಳಿಯ ಕದ್ರಿ ಗೋಪಾಲನಾಥ್ ಇದೇ ದಾರಿ ತುಳಿದರು. ಗಮಕ ಹೊರಡದ ವಾದ್ಯದ ಕೀಲಿ, ಮೆತ್ತೆಗಳನ್ನು ಮಾರ್ಪಡಿಸಿಕೊಂಡು ಅದನ್ನು ಕೀರ್ತನೆಗೆ ಒಗ್ಗಿಸಿದರು. 1980ರಲ್ಲಿ ಬೊಂಬಾಯಿಯ ಜಾಝ್ ಯಾತ್ರಾದಲ್ಲಿ ಅಮೆರಿಕದ ಜಾನ್ ಹ್ಯಾಂಡಿ ಜೊತೆ ವೇದಿಕೆಯ ಮೇಲೆ ನುಡಿಸಿದರು.

ಮತ್ತೆ ಮಾದಪ್ಪನ ಪದಕ್ಕೆ ಬಂದರೆ, ಅದು ಊರು ಬಿಟ್ಟು ಹೊರಟದ್ದು ಕ್ಯಾಸೆಟ್ಟಿನಲ್ಲಿ. ಮಳವಳ್ಳಿ ಮಹದೇವಸ್ವಾಮಿಯವರ ದನಿ ಟೀ ಅಂಗಡಿ, ಬಸ್ಸು, ಹಬ್ಬದ ಚಪ್ಪರಗಳಲ್ಲಿ ಮೊಳಗಿದ ಕಾಲ ಅದು. ರಾತ್ರಿಯಿಡೀ ಹರಡುತ್ತಿದ್ದ ಕತೆ ಕ್ಯಾಸೆಟ್ಟಿನ ಎರಡು ಮಗ್ಗುಲಿಗೆ ಇಳಿಯಿತು. ಆದರೂ ಕತೆ ಕತೆಯಾಗಿಯೇ ಇತ್ತು. ಸಿನಿಮಾಕ್ಕೆ ಬೇಕಾದದ್ದು ನಾಲ್ಕೈದು ನಿಮಿಷದ ಬಿಡಿ ಪದ. 1996ರ 'ಜನುಮದ ಜೋಡಿ'ಯಲ್ಲಿ ವಿ. ಮನೋಹರ್ 'ಕೋಲುಮಂಡೆ' ಪದವನ್ನು ಕೈಗೆತ್ತಿಕೊಂಡರು. ಜಂಗಮನಾಗಿ ಬಂದ ಮಾದಪ್ಪ ಮನೆಬಾಗಿಲಲ್ಲಿ ಕೋರಣ್ಯ, ಅಂದರೆ ಭಿಕ್ಷೆ, ಬೇಡುವ ಪದ ಅದು. ಎಲ್.ಎನ್. ಶಾಸ್ತ್ರಿಯವರು ಅದನ್ನು ಗಂಟಲು ತೆರೆದು, ಆಚೆ ಬೀದಿಗೂ ಕೇಳುವಂತೆ ಹಾಡಿದರು; ಆ ಹಾಡಿಗೆ ರಾಜ್ಯ ಪ್ರಶಸ್ತಿಯೂ ಬಂತು. ಅದು ಗೆದ್ದದ್ದಕ್ಕೆ ಕಾರಣ ಸರಳ. ಸಿನಿಮಾದ ವಾದ್ಯವೃಂದ ಎಷ್ಟೇ ಸೇರಿದರೂ ಹಾಡಿನ ನಡೆ ಕಾಲ್ನಡಿಗೆಯ ನಡೆಯಾಗಿಯೇ ಉಳಿಯಿತು, ಸೊಲ್ಲು ಗುಂಪಿನ ಬಾಯಲ್ಲೇ ಉಳಿಯಿತು. 2008ರ 'ಸೈಕೊ' ಚಿತ್ರದಲ್ಲಿ ಮೈಸೂರಿನ ರಘು ದೀಕ್ಷಿತ್ ಮಾದೇಶ್ವರನನ್ನು ಗಿಟಾರಿನ ಅಬ್ಬರಕ್ಕೆ ಕರೆತಂದು, ಕಾಲೇಜು ಹುಡುಗರ ಬಾಯಲ್ಲೂ ಆ ಹೆಸರು ಕುಣಿಯುವಂತೆ ಮಾಡಿದರು.

'ಸೋಜುಗದ ಸೂಜುಮಲ್ಲಿಗೆ'ಯ ಕತೆ ಇನ್ನೂ ಕುತೂಹಲದ್ದು. ಮಾದೇವನಿಗೆ ಹೂವು ಏರಿಸುವ ಈ ಪದದ ಚೆಲುವಿರುವುದು ಹೆಸರು ಹಿಡಿದು ಹೂವು ಎಣಿಸುವುದರಲ್ಲಿ, ಎಣಿಸುತ್ತ ಎಣಿಸುತ್ತ ದೇವರ ಹತ್ತಿರ ಸರಿಯುವುದರಲ್ಲಿ. ಮೈಸೂರಿನವರೇ ಆದ ಅನನ್ಯಾ ಭಟ್ ಅದನ್ನು ಶಿವರಾತ್ರಿಯ ದೊಡ್ಡ ವೇದಿಕೆಯಲ್ಲಿ ಹಾಡಿದಾಗ ಕನ್ನಡ ಬಾರದವರೂ ತಲೆದೂಗಿದರು. 2021ರಲ್ಲಿ 'ಗರುಡ ಗಮನ ವೃಷಭ ವಾಹನ' ಅದೇ ಪದವನ್ನು ಮಂಗಳೂರಿನ ಮಂಗಳಾದೇವಿಯ ಬೀದಿಗೆ, ಕೊಲೆಗಳ ಕತೆಯ ನಡುವಿಗೆ ಒಯ್ದಿತು. ಸಂಗೀತ ಮಿಥುನ್ ಮುಕುಂದನ್ ಅವರದು, ದನಿ ಚೈತ್ರಾ ಆಚಾರ್ ಅವರದು. ಕಂಸಾಳೆಯ ಸೀಮೆಯ ಪದ ಹುಲಿವೇಷದ ಸೀಮೆಗೆ ಹೋಯಿತು. ಹೂವಿನ ಪದ ನೆತ್ತರಿನ ಪಕ್ಕ ಕೂತಿತು. ಇಷ್ಟಾದರೂ ಪದ ಕೆಡಲಿಲ್ಲ. ಬೇಡಿಕೊಳ್ಳುವ ದನಿಯನ್ನು ಅವರು ಮುಟ್ಟದೆ ಬಿಟ್ಟದ್ದರಿಂದ, ತಪ್ಪು ಮಾಡಿದವನ ಸುತ್ತ ಅದು ಇನ್ನಷ್ಟು ಆಳವಾಗಿ ಕೇಳಿಸಿತು. ಈವರೆಗೆ ಈ ಪದಗಳಿಗೆ ದೊರೆತ ಮರುರೂಪಗಳಲ್ಲಿ ಅತ್ಯಂತ ದಿಟ್ಟವಾದದ್ದು ಇದೇ ಎನ್ನಬೇಕು.

ಎಲ್ಲ ಪ್ರಯೋಗವನ್ನೂ ಜನ ಒಪ್ಪುವುದಿಲ್ಲ. 2020ರಲ್ಲಿ ಚಂದನ್ ಶೆಟ್ಟಿ 'ಕೋಲುಮಂಡೆ'ಯನ್ನು ರ‍್ಯಾಪ್ ಧಾಟಿಗೆ ತಂದಾಗ ಭಕ್ತರು ಸಿಟ್ಟಾದರು, ವಿಡಿಯೊವನ್ನು ಹಿಂದಕ್ಕೆ ಪಡೆಯಬೇಕಾಯಿತು. ಸಿಟ್ಟಿಗೆ ಮುಖ್ಯ ಕಾರಣ ಶರಣೆ ಸಂಕಮ್ಮನನ್ನು ದೃಶ್ಯದಲ್ಲಿ ತೋರಿಸಿದ ಬಗೆ. ಸಾಲನ್ನು ಪೂರ್ತಿ ಕೇಳಿದವರಿಗೆ ಸಂಕಮ್ಮ ಯಾರೆಂದು ಗೊತ್ತು: ಗಂಡ ಕೇಳಿದ ಆಣೆಯನ್ನು ಕೊಡದೆ, ಅದಕ್ಕಾಗಿ ಪಡಬಾರದ ಕಷ್ಟ ಪಟ್ಟು, ಮಾದಪ್ಪನ ಕೃಪೆಯಿಂದ ಅವಳಿ ಮಕ್ಕಳನ್ನು ಪಡೆದವಳು. ಬಿಡಿ ಪದವನ್ನು ಎತ್ತಿಕೊಂಡವರ ಕೈಗೆ ಈ ಹೆಣ್ಣಿನ ಕತೆ ತಾನಾಗಿ ಬರುವುದಿಲ್ಲ, ಹುಡುಕಿಕೊಂಡು ಹೋಗಬೇಕು. ಹಾಕಿನ್ಸ್ ಮಟ್ಟನ್ನು ಅಷ್ಟು ದೂರ ಬಿಟ್ಟು ಹೋದದ್ದು ಅದರ ಒಂದೊಂದು ಸ್ವರಮೇಳವನ್ನೂ ಬಲ್ಲವನಾಗಿ.

ಇಡೀ ಸಾಲನ್ನು ಎತ್ತಿಕೊಂಡು ಹೊಸದಾಗಿ ಕಟ್ಟಿದ್ದು ರಂಗಭೂಮಿ. ಎಚ್.ಎಸ್. ಶಿವಪ್ರಕಾಶರ 'ಮಂಟೇಸ್ವಾಮಿ ಕಥಾ ಪ್ರಸಂಗ' ನೀಲಗಾರರ ಕತೆಯ ಮೈಕಟ್ಟನ್ನೇ ನಾಟಕಕ್ಕೆ ತಂದಿತು. ಮಾತು, ಪದ, ಮತ್ತೆ ಮಾತು ಎಂಬ ಅದರ ಓಟ ಅಲ್ಲಿ ಉಳಿದಿದೆ. ಸಂಗೀತದಲ್ಲಿ ಅಂಥ ಕೆಲಸ ಇನ್ನೂ ಆಗಬೇಕಿದೆ. ದಸರಾ ಮೆರವಣಿಗೆಯಲ್ಲಿ ಬೀಸು ಕಂಸಾಳೆಗೆ ಸಿಗುವುದು ಕೆಲವೇ ನಿಮಿಷ, ಅದೂ ನಡೆಯುತ್ತ. ಅಲ್ಲಿ ಬೀಸು ಕಾಣುತ್ತದೆ, ಪದ ಕೇಳುವುದಿಲ್ಲ. ಕತೆ ಮಾಡಿಸುವ ಮನೆಯಲ್ಲಿ ಮಾತ್ರ ಹಳೆಯ ಅಳತೆಯೇ ಈಗಲೂ ನಡೆಯುತ್ತದೆ. ಊಟ ಮುಗಿದ ಮೇಲೆ ಚಾಪೆ ಹಾಸಿ, ದೀಪ ಹಚ್ಚಿ, ಗುರುವನ್ನು ನೆನೆದು ಶುರುಮಾಡಿದರೆ ಮಕ್ಕಳು ಅಲ್ಲಲ್ಲೇ ಮಲಗುತ್ತಾರೆ, ಮುದುಕಿಯರು ಗೋಡೆಗೆ ಒರಗಿ ಹೂಂಗುಟ್ಟುತ್ತಾರೆ. ಬೆಳಗಿನ ಜಾವ ಕತೆಗಾರನ ದನಿ ಒಡೆದು ನುಡಿ ಅರ್ಧಕ್ಕೇ ನಿಂತರೆ ಹಿಮ್ಮೇಳ ಸೊಲ್ಲು ಎತ್ತಿಕೊಳ್ಳುತ್ತದೆ. ಅವನು ಒಂದು ಗುಟುಕು ನೀರು ಕುಡಿದು, ಈ ಸಲ ಬೇರೊಂದು ಧಾಟಿಯಲ್ಲಿ, ಬಿಟ್ಟ ಕಡೆಯಿಂದ ಹೇಳತೊಡಗುತ್ತಾನೆ.