ಕಿಟಕಿ ಹೊಸದು, ಗುಮಾಸ್ತ ಹಳಬ

ರಾತ್ರಿ 11.45 ಆಯಿತೆಂದರೆ ಐಆರ್‌ಸಿಟಿಸಿ ಟಿಕೆಟ್ ವ್ಯಾಪಾರ ನಿಲ್ಲಿಸುತ್ತದೆ. ಮತ್ತೆ ಬಾಗಿಲು ತೆರೆಯುವುದು 12.20ಕ್ಕೆ. ಆ ಹೊತ್ತಿನಲ್ಲಿ ಫೋನಿನಲ್ಲೇ ಬಿರಿಯಾನಿ ತರಿಸಬಹುದು, ಸಾಲ ಕೂಡ ಮಾಡಬಹುದು. ಹುಬ್ಬಳ್ಳಿಗೊಂದು ಬರ್ತ್ ಮಾತ್ರ ಸಿಗದು. ಇಂಟರ್‌ನೆಟ್ಟಿಗೂ ನಿದ್ದೆಯೇ ಎಂದು ಹುಡುಗರು ನಗುತ್ತಾರೆ. ಒಳಗೆ ಕೂತ ಹಳೇ ಗುಮಾಸ್ತ ದಿನದ ಲೆಕ್ಕ ಮುಗಿಸಿ ತಾರೀಖು ಬದಲಿಸುವ ಹೊತ್ತು ಅದು, ಸ್ವಾಮಿ!

ಗುಮಾಸ್ತನ ಹೆಸರು ಪಿಆರ್‌ಎಸ್, ಅಂದರೆ ರೈಲ್ವೆಯ ಕಂಪ್ಯೂಟರ್ ರಿಸರ್ವೇಶನ್ ವ್ಯವಸ್ಥೆ. 1985ರಲ್ಲಿ ದೆಹಲಿಯಲ್ಲಿ ಪ್ರಯೋಗಕ್ಕೆಂದು ಕೆಲಸಕ್ಕೆ ಸೇರಿದವನು. ರೈಲ್ವೆಯದೇ ಆದ ಕ್ರಿಸ್ ಸಂಸ್ಥೆ ಅವನಿಗೆ 'ಕಾನ್ಸರ್ಟ್' ಎಂಬ ತಂತ್ರಾಂಶ ಕಲಿಸಿ, 1999ರ ಹೊತ್ತಿಗೆ ದೆಹಲಿ, ಮುಂಬೈ, ಕೋಲ್ಕತ್ತಾ, ಚೆನ್ನೈ, ಸಿಕಂದರಾಬಾದುಗಳನ್ನು ಒಂದೇ ಜಾಲಕ್ಕೆ ಬೆಸೆಯಿತು. ಅವನಾಡುವ ಭಾಷೆಗಳು ಫೋರ್ಟ್ರಾನ್ ಮತ್ತು ಸಿ. 1957ರಲ್ಲಿ ಐಬಿಎಂನ ಜಾನ್ ಬ್ಯಾಕಸ್ ತಂಡ ವಿಜ್ಞಾನಿಗಳ ಲೆಕ್ಕಾಚಾರಕ್ಕೆಂದು ಹೊರತಂದ ಫೋರ್ಟ್ರಾನ್, ನಮ್ಮಲ್ಲಿ ಸೈಡ್ ಲೋವರ್ ಹಂಚುತ್ತ ಕೂತಿತು!

2002ರ ಆಗಸ್ಟಿನಲ್ಲಿ ಆನ್‌ಲೈನ್ ಮಾರಾಟ ಶುರುವಾಯಿತು. ದುಡ್ಡು ಕ್ಷಣದಲ್ಲಿ ಹೋಗುತ್ತಿತ್ತು, ಟಿಕೆಟ್ ಮಾತ್ರ ಕೊರಿಯರಿನವನ ಸೈಕಲ್ಲೇರಿ ಬರುತ್ತಿತ್ತು. ಕಾಗದವಿಲ್ಲದ ಟಿಕೆಟ್ಟೂ ಟಿಕೆಟ್ಟೇ ಎಂದು ರೈಲ್ವೆ ಒಪ್ಪಿದ್ದು 2005ರಲ್ಲಿ. 2014ರಲ್ಲಿ ಕಿಟಕಿಯನ್ನೇ ಅಗಲ ಮಾಡಿದರು: ನಿಮಿಷಕ್ಕೆ 2,000 ಟಿಕೆಟ್ ಇದ್ದದ್ದು 7,200ಕ್ಕೆ ಏರಿತು. ಒಳಗಿನವನು ಅವನೇ.

ಮುದುಕನಿಗೆ ಹಾರ ಹಾಕಿ, ಶಾಲು ಹೊದಿಸಿ ಕಳಿಸಬಾರದೇಕೆ? ಕಳಿಸಿದರೆ ಕಾನೂನು ಹೇಳುವವರು ಯಾರು! ತತ್ಕಾಲ್, ಮಹಿಳಾ ಕೋಟಾ, ಆರ್‌ಎಸಿ, ಬಗೆಬಗೆಯ ವೆಯ್ಟಿಂಗ್ ಲಿಸ್ಟು, ಎಲ್ಲ ಅವನಿಗೆ ಬಾಯಿಪಾಠ. ಚಾರ್ಟ್ ಆದ ಮೇಲೂ ವೆಯ್ಟಿಂಗಿನಲ್ಲೇ ಉಳಿದ ಇ-ಟಿಕೆಟ್ ತಾನಾಗಿ ರದ್ದಾಗುತ್ತದೆ. ಕೌಂಟರಿನಲ್ಲಿ ಕೊಂಡದ್ದನ್ನು ನಾವೇ ಕೊಟ್ಟು ದುಡ್ಡು ಕೇಳಬೇಕು. ಹನ್ನೆರಡರೊಳಗಿನ ಮಗುವಿಗೂ ಪ್ರತ್ಯೇಕ ಬರ್ತ್ ಬೇಕೆಂದರೆ ಪೂರಾ ದರ ಎಂದು 2016ರಲ್ಲಿ ಹೇಳಿದರು; ಅದನ್ನೂ ಕಲಿತ. ನಿಯಮ ಬರೆದ ಅಧಿಕಾರಿಗಳು ನಿವೃತ್ತರಾಗಿ ಮೊಮ್ಮಕ್ಕಳನ್ನಾಡಿಸುತ್ತಿರಬಹುದು, ಅವರ ಬುದ್ಧಿಯೆಲ್ಲ ಉಳಿದಿರುವುದು ಆ ಹಳೇ ಸಾಲುಗಳಲ್ಲಿ. ಹೊಸ ತಂತ್ರಾಂಶ ಬರೆಯುವುದು ಕಷ್ಟವಲ್ಲ. ಹಳೆಯದು ಹಾಗೇಕೆ ಮಾಡುತ್ತಿತ್ತು ಎಂದು ಪತ್ತೆಹಚ್ಚುವುದಿದೆಯಲ್ಲ, ಅದು ಪ್ರಾಣ ಹಿಂಡುವ ಕೆಲಸ. ಹೊಸಬ ಅವಸರದಲ್ಲಿ ಒಂದೇ ಬರ್ತನ್ನು ಇಬ್ಬರಿಗೆ ಮಾರಿದರೆ, ಅರಸೀಕೆರೆ ದಾಟುವುದರೊಳಗೆ ಕುರುಕ್ಷೇತ್ರ.

ಆದರೂ ಈಗ ಕ್ರಿಸ್ ಇಡೀ ಪಿಆರ್‌ಎಸ್ಸನ್ನೇ ಹೊಸದಾಗಿ ಕಟ್ಟಲು ಕೈಹಾಕಿದೆ. 2025ರಲ್ಲಿ ರೈಲ್ವೆ ಹೇಳಿಕೊಂಡ ಗುರಿ, ನಿಮಿಷಕ್ಕೆ ಒಂದೂವರೆ ಲಕ್ಷ ಟಿಕೆಟ್. ಸಂತೋಷ. ಸ್ಲೀಪರ್ ಬೋಗಿಯಲ್ಲಿ ಬರ್ತ್ ಮಾತ್ರ 72, ಹೆಚ್ಚೆಂದರೆ 80. ಹಾಗಾಗಿ ದೀಪಾವಳಿಗೆ ಊರಿಗೆ ಹೊರಟವರಿಗೆ ಒಂದು ಅನುಕೂಲವಂತೂ ಖಾತ್ರಿ: 'ಇಲ್ಲ' ಎಂಬ ಉತ್ತರ ಇನ್ನು ಕಾಯಿಸದೆ ಬರುತ್ತದೆ.