ಫಿರ್‌ಔನನ ಚಿನ್ನ ಮತ್ತು ಹಳ್ಳೂರಿನ ಮಡಕೆ

2025ರ ಫೆಬ್ರವರಿ ತಿಂಗಳಲ್ಲಿ ಈಜಿಪ್ಟ್ ಸರಕಾರವು ಒಂದು ಸುದ್ದಿಯನ್ನು ಪ್ರಕಟಿಸಿತು. ಲಕ್ಸರ್ ನಗರದ ಪಶ್ಚಿಮಕ್ಕಿರುವ ಬೆಟ್ಟಸಾಲಿನಲ್ಲಿ ಈಜಿಪ್ಟ್ ಮತ್ತು ಬ್ರಿಟನ್ನಿನ ಸಂಶೋಧಕರು 2022ರಲ್ಲಿ ಕಂಡುಹಿಡಿದಿದ್ದ ಸಮಾಧಿಯು ಎರಡನೆಯ ಥುಟ್ಮೋಸ್ ಎಂಬ ಅರಸನದೆಂದು ದೃಢಪಟ್ಟಿದೆ ಎಂಬುದೇ ಆ ಸುದ್ದಿ. 1922ರಲ್ಲಿ ತುತಾಂಖಾಮನ್‌ನ ಸಮಾಧಿ ದೊರೆತ ಬಳಿಕ ಪತ್ತೆಯಾದ ಮೊದಲ ಫಿರ್‌ಔನನ ಸಮಾಧಿ ಇದೆಂದು ಪತ್ರಿಕೆಗಳು ಬರೆದವು. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯಲ್ಲಿ ಚದುರಿಕೊಂಡಿರುವ ನಮ್ಮ ಬಂಧುಬಳಗದ ಮೊಬೈಲುಗಳಿಗೂ ಆ ಚಿತ್ರಗಳು ಹರಿದುಬಂದವು. ಮಕ್ಕಳು ಕೇಳಿದ ಮೊದಲ ಪ್ರಶ್ನೆ ಒಂದೇ: ಒಳಗೆ ಎಷ್ಟು ಚಿನ್ನವಿತ್ತು?

ಉತ್ತರವು ಅವರನ್ನು ನಿರಾಶೆಗೊಳಿಸಿತು. ಸಮಾಧಿ ಬರಿದಾಗಿತ್ತು. ಅರಸನನ್ನು ಇರಿಸಿದ ಕೆಲಕಾಲದಲ್ಲಿಯೇ ಒಳಗೆ ನೀರು ನುಗ್ಗಿ, ಅಲ್ಲಿದ್ದುದನ್ನೆಲ್ಲ ಬೇರೆಡೆಗೆ ಸಾಗಿಸಿದ್ದರು. ಉಳಿದದ್ದು ನೀಲಿ ಬಣ್ಣದ ಮೇಲೆ ಹಳದಿ ನಕ್ಷತ್ರಗಳನ್ನು ಬರೆದ ಛಾವಣಿಯ ತುಣುಕುಗಳು, ಮತ್ತು ಅರಸನ ಹಾಗೂ ಅವನ ರಾಣಿ ಹತ್‌ಶೆಪ್ಸುತಳ ಹೆಸರುಗಳಿದ್ದ ಹಾಲುಗಲ್ಲಿನ ಪಾತ್ರೆಗಳ ಚೂರುಗಳು. ಆ ಚೂರುಗಳಿಂದಲೇ ಸಮಾಧಿಯ ಒಡೆಯನ ಗುರುತು ಸಿಕ್ಕಿತು. ಅವನದೆಂದು ಗುರುತಿಸಲಾದ ಶವವಾದರೋ 1881ರಲ್ಲಿಯೇ ಬೇರೊಂದು ಗುಹೆಯಲ್ಲಿ ದೊರೆತಿತ್ತು. ಕಳ್ಳರ ಕಾಟದಿಂದ ಅರಸರ ದೇಹಗಳನ್ನು ಉಳಿಸಲು ಪುರಾತನ ಪುರೋಹಿತರು ಹಲವು ಶವಗಳನ್ನು ಅಲ್ಲಿ ಒಟ್ಟಿಗೆ ಅಡಗಿಸಿದ್ದರು. ಅನಂತಕಾಲದ ಮನೆಯೆಂದು ಕೊರೆಸಿದ ಸಮಾಧಿಯಲ್ಲಿ ಅರಸನಿಗೆ ನೆಮ್ಮದಿಯ ನೆಲೆ ದೊರೆಯಲಿಲ್ಲ.

ತುತಾಂಖಾಮನ್‌ನ ಕಥೆ ಬೇರೆ. 1922ರ ನವೆಂಬರ್ 4ರಂದು ಹೊವಾರ್ಡ್ ಕಾರ್ಟರ್ ಅವರ ಕೆಲಸಗಾರರಿಗೆ ಮಣ್ಣಿನಡಿಯಲ್ಲಿ ಒಂದು ಕಲ್ಲಿನ ಮೆಟ್ಟಿಲು ಕಾಣಿಸಿತು. ಅದರ ಕೆಳಗೆ ದೊರೆತ ವಸ್ತುಗಳು ಐದು ಸಾವಿರಕ್ಕೂ ಹೆಚ್ಚು; ಅವನ್ನು ಹೊರತೆಗೆದು ದಾಖಲಿಸಲು ಸುಮಾರು ಹತ್ತು ವರ್ಷ ಹಿಡಿಯಿತು. ಒಳಗಿನ ಶವಪೆಟ್ಟಿಗೆಯೊಂದೇ ಸುಮಾರು 110 ಕಿಲೋ ಚಿನ್ನದ್ದು. ಆ ಚಿನ್ನದೊಳಗೆ ಮಲಗಿದ್ದವನು ಇಪ್ಪತ್ತು ವರ್ಷವೂ ತುಂಬದ ಯುವಕ. ಜಗತ್ತು ಆ ಚಿನ್ನದ ಮುಖವಾಡವನ್ನು ನೆನಪಿಟ್ಟುಕೊಂಡಿತು. ಆದರೆ ಅದೇ ಸಮಾಧಿಯ ಒಂದು ಕೋಣೆಯಲ್ಲಿ ಎರಡು ಪುಟ್ಟ ಶವಪೆಟ್ಟಿಗೆಗಳಿದ್ದವು. ಅವುಗಳಲ್ಲಿದ್ದವು ದಿನ ತುಂಬುವ ಮುನ್ನವೇ ಅಥವಾ ಹುಟ್ಟುವಾಗಲೇ ತೀರಿಹೋದ ಎರಡು ಹೆಣ್ಣುಶಿಶುಗಳು. ಅವರು ಆ ಅರಸನ ಮಕ್ಕಳೇ ಆಗಿರಬೇಕೆಂಬುದು ವಿದ್ವಾಂಸರ ಅಭಿಪ್ರಾಯ. ಸಾಮ್ರಾಜ್ಯವಿದ್ದರೂ ಮಗುವೊಂದರ ಉಸಿರನ್ನು ಹಿಡಿದಿಡಲು ಅವನಿಗೆ ಆಗಲಿಲ್ಲ.

ಫಿರ್‌ಔನ್ ಎಂಬ ಪದ ಕೇಳಿದೊಡನೆ ನಮ್ಮ ಮನೆಗಳಲ್ಲಿ ಪ್ರವಾದಿ ಮೂಸಾ(ಅ)ರ ವೃತ್ತಾಂತವು ನೆನಪಾಗುವುದು ಸಹಜ. ಮುಳುಗಿದ ಆ ದರ್ಪಿಷ್ಠನ ದೇಹವನ್ನು ಮುಂದಿನವರಿಗೆ ನಿದರ್ಶನವಾಗಿ ಉಳಿಸಲಾಗುವುದೆಂಬ ಸಂಗತಿ ಸೂರಃ ಯೂನುಸ್‌ನಲ್ಲಿ ಬಂದಿದೆ. ಆದರೆ ಅವನು ಯಾವ ಅರಸನೆಂದು ಕುರ್‌ಆನ್ ಹೆಸರಿಸಿಲ್ಲ. ಎರಡನೆಯ ರಾಮ್‌ಸೆಸ್ ಎಂದು ಕೆಲವರು, ಅವನ ಮಗ ಮೆರ್ನೆಪ್ತಾ ಎಂದು ಕೆಲವರು ಹೇಳುವರು, ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಪ್ರತಿ ಹೊಸ ಸಮಾಧಿ ದೊರೆತಾಗಲೂ ‘ಇವನೇ ಅವನು’ ಎಂದು ಸಂದೇಶಗಳನ್ನು ಹಂಚುವುದು ನಮ್ಮ ವಿಶ್ವಾಸಕ್ಕೆ ಬಲ ನೀಡುವುದಿಲ್ಲ. ಪಾಠವಿರುವುದು ಹೆಸರಿನಲ್ಲಿ ಅಲ್ಲ, ದರ್ಪದ ಅಂತ್ಯದಲ್ಲಿ ಎಂದು ನಾವು ಮಕ್ಕಳಿಗೆ ಹೇಳಿದೆವು.

ಅವರ ಮುಂದಿನ ಪ್ರಶ್ನೆ ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚಿತು. ಆ ಅರಸರು ಆಳುತ್ತಿದ್ದಾಗ ನಮ್ಮ ಊರುಗಳಲ್ಲಿ ಯಾರಿದ್ದರು?

ಇದಕ್ಕೆ ಉತ್ತರ ನಮ್ಮ ಜಿಲ್ಲೆಯಲ್ಲಿಯೇ ಇದೆ. ಹಿರೇಕೆರೂರು ಸೀಮೆಯಲ್ಲಿ, ತುಂಗಭದ್ರೆಯ ದಂಡೆಯ ಮೇಲೆ ಹಳ್ಳೂರು ಎಂಬ ಗ್ರಾಮವಿದೆ. ಅಲ್ಲಿನ ದಿಬ್ಬವೊಂದನ್ನು ಡಾ. ಎಂ. ಎಸ್. ನಾಗರಾಜರಾವ್ ಅವರು 1965ರಲ್ಲಿ ಉತ್ಖನನ ಮಾಡಿದರು. ಮುಂದೆ ಅವರು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಮಹಾನಿರ್ದೇಶಕರೂ ಆದರು. ಹಳ್ಳೂರಿನ ವರದಿ 1971ರಲ್ಲಿ ಧಾರವಾಡದಿಂದ ಹೊರಬಂದಿತು. ಬಿದಿರಿನ ತಟ್ಟಿಗೆ ಮಣ್ಣು ಮೆತ್ತಿದ ದುಂಡನೆಯ ಗುಡಿಸಲುಗಳು, ಕಲ್ಲಿನ ಕೊಡಲಿಗಳು, ಒಲೆಯ ಬೂದಿ, ದನಕರುಗಳ ಎಲುಬುಗಳು ಪದರಪದರವಾಗಿ ಬೆಳಕಿಗೆ ಬಂದವು. ಮೇಲಿನ ಪದರಗಳಲ್ಲಿ ದೊರೆತ ಕಬ್ಬಿಣದ ಕಾಲವನ್ನು ಸುಮಾರು ಕ್ರಿ.ಪೂ. 1000 ಎಂದು ಗಣಿಸಲಾಯಿತು. ದಕ್ಷಿಣ ಭಾರತಕ್ಕೆ ಕಬ್ಬಿಣ ಬಹು ತಡವಾಗಿ ಬಂದಿತೆಂಬ ಅಂದಿನ ಎಣಿಕೆಯನ್ನು ಹಳ್ಳೂರು ಬದಲಿಸಿತು. ಅದರ ಕೆಳಗಿನ ನವಶಿಲಾಯುಗದ ಪದರಗಳು ಕ್ರಿ.ಪೂ. ಎರಡನೆಯ ಸಹಸ್ರಮಾನದವು. ಎರಡನೆಯ ಥುಟ್ಮೋಸನು ಕ್ರಿ.ಪೂ. 15ನೆಯ ಶತಮಾನದವನು, ತುತಾಂಖಾಮನ್ 14ನೆಯ ಶತಮಾನದವನು. ಎಂದರೆ ನೈಲ್ ನದಿಯ ದಂಡೆಯಲ್ಲಿ ಬೆಟ್ಟ ಕೊರೆದು ಸಮಾಧಿ ಮಾಡುತ್ತಿದ್ದ ಯುಗದಲ್ಲಿ ತುಂಗಭದ್ರೆಯ ದಂಡೆಯಲ್ಲಿಯೂ ಜನರು ಸಂಸಾರ ಹೂಡಿದ್ದರು.

ಆ ದಿಬ್ಬದಲ್ಲಿ ಮಗುವೊಂದರ ಎಲುಬುಗಳಿದ್ದ ಮಡಕೆಯೂ ದೊರೆತಿದೆ. ಎಳೆಯ ಮಕ್ಕಳು ತೀರಿಕೊಂಡರೆ ದೊಡ್ಡ ಮಡಕೆಯಲ್ಲಿರಿಸಿ, ವಾಸದ ಮನೆಯ ನೆಲದಡಿಯಲ್ಲಿಯೇ ಹೂಳುವುದು ಆ ಕಾಲದ ದಕ್ಷಿಣದ ಜನರಲ್ಲಿದ್ದ ಪದ್ಧತಿ. ದಿನವೂ ಅಡುಗೆ ಮಾಡುವ, ಮಲಗುವ ನೆಲದ ಕೆಳಗೆ ಮಗು. ದೂರದ ಕಾಡಿಗೆ ಒಯ್ಯಲು ಆ ತಾಯಿಗೆ ಮನಸ್ಸಾಗಲಿಲ್ಲವೆಂದು ನಾವು ಊಹಿಸಬಹುದಷ್ಟೆ. ಅರಸನ ಶಿಶುಗಳಿಗೆ ಪುಟ್ಟ ಶವಪೆಟ್ಟಿಗೆಗಳು, ಹಳ್ಳೂರಿನ ಮಗುವಿಗೆ ಕೈಯಿಂದ ತಟ್ಟಿದ ಮಡಕೆ. ಆದರೆ ಎರಡನ್ನೂ ಮುಚ್ಚಿದ ಕೈಗಳು ಒಂದೇ ರೀತಿ ನಡುಗಿರಬೇಕು. ಸಮಾಧಿಯೊಂದು ಹೇಳುವುದು ಸತ್ತವನ ವೈಭವವನ್ನು ಅಲ್ಲ, ಒಪ್ಪಿಸಿ ಹಿಂದಿರುಗಿದವರ ಮನಸ್ಸನ್ನು ಎಂಬ ಮಾತು ನಮಗೆ ಅಂದು ಸ್ಪಷ್ಟವಾಯಿತು.

ನಮ್ಮ ಸೀಮೆಗೆ ಅರಸರ ಮರಣದ ಕಥೆಗಳೂ ಹೊಸತಲ್ಲ. ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರದಲ್ಲಿ ಹತ್ತನೆಯ ಶತಮಾನದ ಗಂಗ ದೊರೆ ಮಾರಸಿಂಹನು ರಾಜ್ಯವನ್ನು ತೊರೆದು, ಜೈನಗುರು ಅಜಿತಸೇನರ ಸನ್ನಿಧಿಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟನೆಂದು ಶ್ರವಣಬೆಳಗೊಳದ ಶಾಸನವು ತಿಳಿಸುತ್ತದೆ. ಅವನ ಧರ್ಮ ಬೇರೆ, ನಮ್ಮದು ಬೇರೆ. ಆದರೂ ಸಾಯುವ ಮುನ್ನವೇ ಎಲ್ಲವನ್ನೂ ಕೆಳಗಿರಿಸಿದ ಅರಸನೊಬ್ಬನು ನಮ್ಮ ನೆರೆಯ ಊರಿನಲ್ಲಿದ್ದನೆಂಬುದು ಚಿಂತನೆಗೆ ಅರ್ಹ ವಿಷಯ. ಅದೇ ಬಂಕಾಪುರವು ಮುಂದೆ ಸವಣೂರಿನ ನವಾಬರ ವಂಶದ ಕೈಸೇರಿತು. ಅವರ ಹಿರಿಯರು ಬಿಜಾಪುರದ ಆದಿಲ್‌ಶಾಹಿ ಅರಸರ ಸೇವೆಯಲ್ಲಿದ್ದ ಮಿಯಾನಾ ಪಠಾಣರು.

ಆ ಬಿಜಾಪುರದಲ್ಲಿ ಎರಡು ರಾಜಸಮಾಧಿಗಳನ್ನು ಒಂದೇ ದಿನ ನೋಡಬಹುದು. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್‌ಶಾಹನ ಗೋಲ್‌ಗುಂಬಜ್‌ನ ಗುಮ್ಮಟದ ಹೊರ ಅಡ್ಡಳತೆ ಸುಮಾರು 44 ಮೀಟರ್. ಅದರ ನಡುವೆ ಜನರು ಕಾಣುವುದು ಗೋರಿಯ ಗುರುತನ್ನು ಮಾತ್ರ. ನಿಜವಾದ ಗೋರಿಗಳು ಕೆಳಗಿನ ನೆಲಮಾಳಿಗೆಯಲ್ಲಿವೆ. ಅವನ ಮಗ ಎರಡನೆಯ ಅಲಿ ಆದಿಲ್‌ಶಾಹನೂ ತನಗಾಗಿ ಮಹಾ ಸಮಾಧಿಯೊಂದನ್ನು ಆರಂಭಿಸಿದನು. 1672ರಲ್ಲಿ ಅವನು ತೀರಿಕೊಂಡಾಗ ಕಟ್ಟಡ ಅರ್ಧಕ್ಕೇ ಇತ್ತು. ಇಂದಿಗೂ ಬಾರಾಕಮಾನಿನ ಕಮಾನುಗಳು ಛಾವಣಿಯಿಲ್ಲದೆ ನಿಂತಿವೆ. 1686ರಲ್ಲಿ ರಾಜ್ಯವೇ ಮೊಘಲರ ವಶವಾಯಿತು. ಅವುಗಳ ನೆನಪಿನಲ್ಲಿ ಬೆಳೆದ ಸವಣೂರು ಸಂಸ್ಥಾನವೂ 1948ರಲ್ಲಿ ಭಾರತದಲ್ಲಿ ವಿಲೀನಗೊಂಡಿತು. ಆಳಿದವರು ಹೋದರು, ಊರು, ವೀಳ್ಯದೆಲೆಯ ತೋಟಗಳು, ಅಜಾನಿನ ಕರೆ ಉಳಿದವು. ಇತ್ತ ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳದಲ್ಲಿ 1889ರಲ್ಲಿ ಮಣ್ಣಾದ ಶರೀಫರಿಗೆ ಯಾವ ರಾಜ್ಯವೂ ಇರಲಿಲ್ಲ. ಅವರ ಗದ್ದುಗೆಗೆ ಎರಡೂ ಸಮುದಾಯದವರು ಇಂದಿಗೂ ನಡೆದು ಬರುತ್ತಾರೆ.

ಹಾನಗಲ್ಲಿನ ತಾರಕೇಶ್ವರ ಗುಡಿಯ ಆವರಣದಲ್ಲಿ ವೀರಗಲ್ಲುಗಳಿವೆ. ಕೆಳಗೆ ಕಾದಾಟ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವ ನೋಟ, ಮೇಲೆ ಅವನ ಆರಾಧ್ಯದೈವ: ನಮ್ಮ ನಾಡಿನ ವೀರಗಲ್ಲುಗಳ ಸಾಮಾನ್ಯ ಕ್ರಮ ಇದು. ಊರನ್ನು, ಹೆಣ್ಣುಮಕ್ಕಳ ಮಾನವನ್ನು, ತುರುಗಳನ್ನು ಕಾಯಲು ಹೋಗಿ ಮಡಿದ ಸಾಮಾನ್ಯರಿಗೂ ಇಂತಹ ಕಲ್ಲುಗಳನ್ನು ನಿಲ್ಲಿಸಿದರು. ಪೂಜೆ ನಮ್ಮ ವಿಶ್ವಾಸಕ್ಕೆ ಹೊಂದುವುದಿಲ್ಲ. ಆದರೆ ಇವನು ಇತರರಿಗಾಗಿ ಪ್ರಾಣ ಕೊಟ್ಟನೆಂಬ ಸಾಕ್ಷ್ಯವನ್ನು ಓದಲು ನಮಗೆ ಅಡ್ಡಿಯೇನಿದೆ? ಫಿರ್‌ಔನನ ಸಮಾಧಿಯು ಅವನು ತನಗಾಗಿ ಒಯ್ದದ್ದನ್ನು ತೋರಿಸುತ್ತದೆ, ವೀರಗಲ್ಲು ಒಬ್ಬನು ಇತರರಿಗಾಗಿ ಬಿಟ್ಟುಕೊಟ್ಟದ್ದನ್ನು ತೋರಿಸುತ್ತದೆ.

ಈ ಮಾತುಗಳೆಲ್ಲ ನಮ್ಮ ಕುಟುಂಬಕ್ಕೆ ಬರಿಯ ಇತಿಹಾಸವಾಗಿರಲಿಲ್ಲ. ನಮ್ಮ ತಂದೆಯವರು ತೀರಿಕೊಂಡ ಬಳಿಕ ಅವರ ಗೋರಿಯ ಬಗ್ಗೆ ಒಡಹುಟ್ಟಿದವರಲ್ಲಿ ಚರ್ಚೆ ನಡೆಯಿತು. ಕೊಲ್ಲಿ ದೇಶದಲ್ಲಿ ದುಡಿಯುವ ತಮ್ಮನಿಗೆ ನುಣುಪಾದ ಗ್ರಾನೈಟಿನ ಕಟ್ಟೆ, ಅದರ ಮೇಲೆ ಹೆಸರು, ಸುತ್ತ ಉಕ್ಕಿನ ಸರಳು ಬೇಕೆಂಬ ಆಸೆ. ಮಯ್ಯಿತ್‌ನ ದಿನ ಬರಲಾಗದ ಅವನ ಸಂಕಟವೇ ಆ ಆಸೆಯಲ್ಲಿತ್ತು. ಅದನ್ನು ಆಡಂಬರವೆಂದು ಜರೆಯಲು ನಮಗೆ ಬಾಯಿ ಬರಲಿಲ್ಲ. ಗೋರಿಗಳಿಗೆ ಗಾರೆ ಬಳಿದು ಮೇಲೆ ಕಟ್ಟಡ ಎಬ್ಬಿಸುವುದನ್ನು ಪ್ರವಾದಿ(ಸ)ಯವರು ತಡೆದಿದ್ದರೆಂಬುದನ್ನೂ, ಪರಲೋಕದ ನೆನಪಿಗಾಗಿ ಗೋರಿಗಳನ್ನು ಸಂದರ್ಶಿಸಲು ಹೇಳಿದ್ದರೆಂಬುದನ್ನೂ ಹಿರಿಯರು ಮೃದುವಾಗಿ ನೆನಪಿಸಿದರು. ಅಮ್ಮ ಮಾತ್ರ ಒಂದೇ ಪ್ರಶ್ನೆ ಕೇಳಿದರು: ‘ನಿಮ್ಮ ಅಬ್ಬಾ ಬದುಕಿದ್ದಾಗ ನೆಲದ ಮೇಲೆ ಚಾಪೆ ಹಾಸಿ ಮಲಗಿದವರು. ಈಗ ಅವರ ಮೇಲೆ ಇಷ್ಟು ಭಾರ ಯಾಕೆ?’

ಕೊನೆಗೆ ತಮ್ಮನೇ ದಾರಿ ತೋರಿದನು. ಗ್ರಾನೈಟಿಗೆಂದು ಕೂಡಿಟ್ಟ ಹಣದಿಂದ ಕಬ್ರಸ್ತಾನದಲ್ಲಿ ಜನಾಝ ಹೊತ್ತು ಬರುವವರಿಗೆ ನೀರಿನ ತೊಟ್ಟಿ ಕಟ್ಟಿಸಿ, ಬೇಲಿಯ ಉದ್ದಕ್ಕೂ ಬೇವಿನ ಸಸಿಗಳನ್ನು ನೆಡಿಸಿದೆವು. ತಂದೆಯ ತಲೆಯ ಬಳಿ ಗುರುತಿಗೆಂದು ಊರ ಹಳ್ಳದ ಒಂದು ಕಲ್ಲಿದೆ. ರಜೆಗೆ ಬಂದಾಗ ತಮ್ಮನು ಆ ಸಸಿಗಳಿಗೆ ನೀರು ಹಾಕುತ್ತಾನೆ. ಒಪ್ಪಿಸಲು ಸಿಗದೆ ಹೋದ ಮೂರು ಹಿಡಿ ಮಣ್ಣನ್ನು ಅವನು ಹೀಗೆ ಒಪ್ಪಿಸುತ್ತಿದ್ದಾನೆ ಎಂದು ನಮಗೆ ಅನಿಸುತ್ತದೆ.

ಓದುಗರಲ್ಲಿ ಇನ್ನೊಂದು ವಿನಂತಿಯಿದೆ. ನಿಧಿಯ ಆಸೆಯಿಂದ ಹಳೆಯ ಗೋರಿಗಳನ್ನೂ, ದಿಬ್ಬಗಳನ್ನೂ, ಪಾಳುಗುಡಿಗಳನ್ನೂ ರಾತ್ರಿಯ ಹೊತ್ತು ಅಗೆಯುವ ಪಿಡುಗು ನಮ್ಮ ನಾಡಿನಲ್ಲಿದೆ. ನೆಲದಲ್ಲಿ ದೊರೆತ ನಿಧಿಯ ಬೆಲೆ ಹತ್ತು ರೂಪಾಯಿ ಮೀರಿದರೆ ಸರಕಾರಕ್ಕೆ ತಿಳಿಸಬೇಕೆಂಬ ಕಾನೂನು 1878ರಿಂದಲೂ ಇದೆ. ಕಾನೂನಿಗಿಂತ ಮಿಗಿಲಾಗಿ, ಸತ್ತವರ ಎಲುಬಿಗೂ ಬದುಕಿರುವವರ ಎಲುಬಿನಷ್ಟೇ ಗೌರವ ಸಲ್ಲಬೇಕೆಂಬುದು ನಾವು ಕಲಿತ ಪಾಠ. ಹಳ್ಳೂರಿನ ದಿಬ್ಬವನ್ನು ಕುಂಚ ಹಿಡಿದು ಪದರಪದರವಾಗಿ ಬಿಡಿಸಿದವರಿಂದ ನಮಗೆ ಮೂರು ಸಾವಿರ ವರ್ಷಗಳ ಹಿಂದಿನ ಮಗುವಿನ ಸುದ್ದಿ ತಿಳಿಯಿತು. ಹಾರೆ ಹಿಡಿದು ಅಗೆದಿದ್ದರೆ ಅದು ಒಡೆದ ಮಡಕೆಯಷ್ಟೇ ಆಗಿ ಉಳಿಯುತ್ತಿತ್ತು. ನಮ್ಮ ಕಬ್ರಸ್ತಾನಗಳಲ್ಲಿರುವ ಹಳೆಯ ಬರಹದ ಕಲ್ಲುಗಳನ್ನೂ ಹೀಗೆಯೇ ಕಾಯಬೇಕು. ಫಾರ್ಸಿ ಅಕ್ಷರಗಳನ್ನು ಓದಬಲ್ಲ ಹಿರಿಯರು ಇರುವಾಗಲೇ ಅವರೊಂದಿಗೆ ಹೋಗಿ ಹೆಸರು, ವರ್ಷಗಳನ್ನು ಬರೆದಿಟ್ಟುಕೊಳ್ಳಲು ಯುವಕರು ಮುಂದಾಗಲಿ.

ಮುಂದಿನ ರಜೆಯಲ್ಲಿ ಮಕ್ಕಳನ್ನು ಹಳ್ಳೂರಿಗೂ ಹಾನಗಲ್ಲಿಗೂ ಕರೆದೊಯ್ಯಿರಿ. ದಾರಿಯಲ್ಲಿ ಯಾವುದೇ ಕಬ್ರಸ್ತಾನ ಎದುರಾದರೆ ವಾಹನ ನಿಲ್ಲಿಸಿ ಸಲಾಂ ಹೇಳಿಸಿರಿ. ಅಲ್ಲಿ ಮಲಗಿದವರಲ್ಲಿ ಯಾರು ನವಾಬರ ಮನೆಯವರು, ಯಾರು ಅವರ ಕುದುರೆಗೆ ಹುಲ್ಲು ತಂದವರು ಎಂಬುದನ್ನು ಮಣ್ಣು ಹೇಳುವುದಿಲ್ಲ. ಅವರೆಲ್ಲರನ್ನೂ ಯಾರೋ ಒಬ್ಬರು ಪ್ರೀತಿಯಿಂದ ಇಳಿಸಿ, ದುಆ ಮಾಡಿ, ಅಳುತ್ತ ಮನೆಗೆ ಹಿಂದಿರುಗಿದ್ದರು. ಅಲ್ಲಾಹನು ಅವರೆಲ್ಲರ ಮೇಲೂ, ನಾಳೆ ಅವರನ್ನು ಸೇರಲಿರುವ ನಮ್ಮ ಮೇಲೂ ಕರುಣೆ ತೋರಲಿ.